‘ಅಡ್ಡಿಯಿಲ್ಲ’ ಅಂದ್ರೆ ಎಷ್ಟು ಸ್ಟಾರ್?

ಚಳಿಗಾಲದ ಒಂದು ರವಿವಾರ ನಮ್ಮ ಕಾಕಾನನ್ನು ಬಾಗಲಕೋಟೆಯಲ್ಲಿ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಅರವತ್ತು ದಾಟಿದೆ. ವರ್ಷಕ್ಕೆ ಮೂರೋ ನಾಲ್ಕೋ ಸಿನಿಮಾ, ಟಿವಿಯಲ್ಲಿ ಒಂದು ಧಾರಾವಾಹಿ, ರಾತ್ರಿ ಮೊಬೈಲ್‌ನಲ್ಲಿ ಒಂದಿಷ್ಟು ಹಾಡು. ಆಟ ಬಿಟ್ಟ ಮೇಲೆ ಚಹಾದಂಗಡಿ ಮುಂದೆ ನಿಂತು ‘ಹೆಂಗಿತ್ರಿ ಕಾಕಾ?’ ಅಂತ ಕೇಳಿದೆ. ‘ಅಡ್ಡಿಯಿಲ್ಲ’ ಅಂದರು. ವಿಮರ್ಶೆ ಅಲ್ಲಿಗೇ ಮುಗಿಯಿತು. ಚಹಾ ಕುಡಿದು ಮುಗಿಸೋವರೆಗೆ ಮಾತು ಕಬ್ಬಿನ ಬಿಲ್ಲಿನ ಕಡೆ ಹೊರಳಿತ್ತು.

ಟಿಕೆಟ್ಟನ್ನು ಅವರ ಫೋನಿನಿಂದಲೇ ತೆಗೆದಿದ್ದೆ. ಮನೆ ಮುಟ್ಟುವಷ್ಟರಲ್ಲಿ ಸಂದೇಶ ಬಂತು: ಸಿನಿಮಾ ಹೇಗಿತ್ತು, ಸ್ಟಾರ್ ಕೊಡಿ. ಕಾಕಾ ಫೋನ್ ನನ್ನ ಕೈಗಿಟ್ಟು ಕೇಳಿದರು: ‘ಅಡ್ಡಿಯಿಲ್ಲ ಅಂದ್ರ ಎಷ್ಟ ಚುಕ್ಕಿ ಒತ್ತಬೇಕೋ ತಮ್ಮಾ?’

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ನಮ್ಮ ಕಡೆಯವರಲ್ಲದ ಓದುಗರಿಗಾಗಿ ಈ ಪದದ ಬಗ್ಗೆ ಎರಡು ಮಾತು. ಬೆಂಗಳೂರು, ಮೈಸೂರು ಕಡೆ ‘ಪರವಾಗಿಲ್ಲ’ ಅಂತಾರಲ್ಲ, ಅದರ ಹತ್ತಿರದ ಸಂಬಂಧಿ ಇದು. ಆದರೆ ಅದೇ ಅಲ್ಲ. ‘ಪರವಾಗಿಲ್ಲ’ ಅನ್ನುವಾಗ ಏನೋ ಒಂದನ್ನು ಕ್ಷಮಿಸಿದ ಹಾಗೆ ಕೇಳುತ್ತದೆ. ‘ಅಡ್ಡಿಯಿಲ್ಲ’ ಅಂದರೆ ನನ್ನದೇನೂ ತಕರಾರಿಲ್ಲ ಅಂತ. ಹೇಳುವ ಧಾಟಿ ಬದಲಾದರೆ ಅರ್ಥವೂ ಬದಲಾಗುತ್ತದೆ. ತಲೆ ಸ್ವಲ್ಪ ಓರೆ ಮಾಡಿ ‘ಅಡ್ಡೀ ಇಲ್ಲ ಬಿಡ’ ಅಂದರೆ ಚೆನ್ನಾಗಿತ್ತು, ನೀನೂ ಹೋಗು ಅಂತ. ಗಂಟಲಲ್ಲೇ ‘ಅಡ್ಡಿಲ್ಲ’ ಅಂತ ನುಂಗಿದರೆ, ರೊಕ್ಕ ಹೋಯಿತು, ಮತ್ತೆ ಕೇಳಬೇಡ ಅಂತ. ಸಿನಿಮಾ, ಬೀಗರ ಊಟ, ಹೊಸ ಎತ್ತು, ಮಗನ ರಿಸಲ್ಟ್, ಎಲ್ಲದಕ್ಕೂ ಇದೊಂದೇ ಪದ ಸಾಕಾಗುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಸಾಮಾನ್ಯ ನೋಡುಗರ ಬಹುಪಾಲು ಅಭಿಪ್ರಾಯಗಳು ಈ ಒಂದು ಪದದೊಳಗೇ ವಾಸವಾಗಿವೆ.

ಇದನ್ನು ಐದು ಸ್ಟಾರ್‌ಗಳಿಗೆ ತರ್ಜುಮೆ ಮಾಡಿ ನೋಡಿ. ಲೆಕ್ಕದ ಪ್ರಕಾರ ಮಧ್ಯದ್ದು ಮೂರು. ಆದರೆ ಇವತ್ತು ಮೂರು ಸ್ಟಾರ್ ಕೊಟ್ಟರೆ ಅದು ಬೈದ ಹಾಗೆ. ನಾವೇ ಆ್ಯಪ್ ಹಾಕಿಕೊಳ್ಳುವಾಗ, ಮಿಕ್ಸರ್ ಕೊಳ್ಳುವಾಗ ನಾಲ್ಕಕ್ಕಿಂತ ಕಡಿಮೆ ಕಂಡರೆ ಮುಂದೆ ಹೋಗುತ್ತೇವೆ, ಅಲ್ವಾ? ಮೂರು ಕೊಟ್ಟರೆ ಸಿನಿಮಾಕ್ಕೆ ಪೆಟ್ಟು, ನಾಲ್ಕು ಕೊಟ್ಟರೆ ಸುಳ್ಳು. ಹಾಗಾಗಿ ಕಾಕಾನಂಥವರು ಏನನ್ನೂ ಒತ್ತದೆ ಫೋನ್ ಕೆಳಗಿಡುತ್ತಾರೆ.

ಹೀಗೆ ಫೋನ್ ಕೆಳಗಿಡುವವರಿಂದ ಏನಾಗುತ್ತದೆ ಅನ್ನುವುದನ್ನು ಸಂಶೋಧಕರು ನೋಡಿದ್ದಾರೆ. ನಾನ್ ಹು, ಜೀ ಝಾಂಗ್, ಪಾಲ್ ಪಾವ್ಲೂ ಎಂಬ ಮೂವರು 2009ರಲ್ಲಿ ಅಮೆಜಾನ್‌ನ ರೇಟಿಂಗ್‌ಗಳ ಬಗ್ಗೆ ಬರೆದರು. ಅಲ್ಲಿ ಐದು ಸ್ಟಾರ್ ಕೊಟ್ಟವರು ತುಂಬಾ, ಒಂದು ಸ್ಟಾರ್ ಕೊಟ್ಟವರು ಒಂದಿಷ್ಟು, ನಡುವೆ ಹಳ್ಳ. ಗೆರೆ ಎಳೆದರೆ ಇಂಗ್ಲಿಷಿನ ಜೆ ಅಕ್ಷರದ ಆಕಾರ. ಅದೇ ತರಹದ ಒಂದು ವಸ್ತುವನ್ನು ಒಂದು ಗುಂಪಿಗೆ ಕೊಟ್ಟು, ಎಲ್ಲರೂ ಅಭಿಪ್ರಾಯ ಹೇಳಲೇಬೇಕು ಅಂದಾಗ ಚಿತ್ರವೇ ಬದಲಾಯಿತು. ಹೆಚ್ಚಿನವರು ನಡುವೆ ಬಂದು ನಿಂತರು. ಅಂದರೆ ನಡುವಿನ ಜನ ಇದ್ದೇ ಇದ್ದಾರೆ. ಸುಮ್ನೆ ಕೂತಿದ್ದಾರೆ ಅಷ್ಟೇ. ತಲೆಯ ಮೇಲೆ ಹೊತ್ತು ಮೆರೆಸುವವರು ಮತ್ತು ಚಪ್ಪಲಿ ಎತ್ತುವವರು ಮಾತ್ರ ಬಟನ್ ಒತ್ತುತ್ತಾರೆ. ಆ ಎರಡನ್ನು ಕೂಡಿಸಿ ಭಾಗಿಸಿದ ಸರಾಸರಿಯನ್ನು ನಾವು ‘ಜನರ ಅಭಿಪ್ರಾಯ’ ಅಂತ ಓದುತ್ತೇವೆ.

ಸಿನಿಮಾದಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಮೊದಲ ದಿನ ಹೋಗುವವರೇ ಬೇರೆ ಜನ. ಬೆಳಿಗ್ಗೆ ಆರರ ಆಟಕ್ಕೆ ಹಾಲಿನ ಕ್ಯಾನ್ ಹಿಡಿದು ಕಟೌಟ್ ಏರುವವರು ಸಿನಿಮಾ ಹೇಗಿದೆ ಅಂತ ತಿಳಿಯಲು ಹೋಗಿರುವುದಿಲ್ಲ. ಅವರಿಗೆ ಅದು ಮೊದಲೇ ಗೊತ್ತಿರುತ್ತದೆ. ಎದುರು ಬಣದವರಿಗೂ ಗೊತ್ತಿರುತ್ತದೆ, ನೋಡದೆಯೇ. ಈ ಜಗಳ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಕೇರಳ ಹೈಕೋರ್ಟ್ ಮುಂದಿದ್ದ ಇಂಥದೇ ಪ್ರಕರಣದಲ್ಲಿ, ಕೋರ್ಟಿಗೆ ನೆರವಾಗಲು ನೇಮಿಸಿದ್ದ ವಕೀಲರು 2024ರಲ್ಲಿ ಒಂದು ಸಲಹೆ ಕೊಟ್ಟರು: ಬಿಡುಗಡೆಯಾದ 48 ಗಂಟೆ ವಿಮರ್ಶೆ ಬೇಡ. ಅದೇ ವರ್ಷದ ಕೊನೆಗೆ ತಮಿಳು ನಿರ್ಮಾಪಕರು ಮದ್ರಾಸ್ ಹೈಕೋರ್ಟ್‌ಗೆ ಹೋಗಿ ಮೊದಲ 3 ದಿನ ವಿಮರ್ಶೆಗೆ ತಡೆ ಕೇಳಿದರು. ಕೋರ್ಟ್ ಕೊಡಲಿಲ್ಲ. ಕೊಡದಿದ್ದುದೇ ಸರಿ ಅಂತ ನನ್ನ ಮತ. ಊಟ ಮಾಡಿದವನಿಗೆ ಉಪ್ಪು ಜಾಸ್ತಿ ಅನ್ನಲು ಎರಡು ದಿನ ಕಾಯಿರಿ ಅಂದರೆ ಹೇಗೆ?

ಆದರೆ ನಿರ್ಮಾಪಕರು, ವಿಮರ್ಶಕರು ಎರಡೂ ಕಡೆಯವರು ಜಗಳಾಡುತ್ತಿರುವುದು ಮೊದಲ ಮೂರು ದಿನಗಳಿಗಾಗಿ. ನಮ್ಮ ಕಾಕಾ ಸಿನಿಮಾಕ್ಕೆ ಹೋಗುವುದು ಎರಡನೆಯ ರವಿವಾರ. ಹೊಲದ ಕೆಲಸ ನೋಡಿ, ಯಾರಾದರೂ ‘ಹೋಗ್ರಿ, ಅಡ್ಡಿಯಿಲ್ಲ’ ಅಂದ ಮೇಲೆ. ಹಳ್ಳಿಯಿಂದ ಪ್ಯಾಟಿಗೆ ಬರುವ ಬಹುತೇಕ ಮಂದಿಯದ್ದು ಇದೇ ಲೆಕ್ಕ. ಆಟಗಳ ಸಂಖ್ಯೆ ನಿರ್ಧಾರವಾಗುವುದು ಮಾತ್ರ ಶುಕ್ರವಾರದಿಂದ ಸೋಮವಾರದ ಗಲ್ಲೆ ನೋಡಿ. ನಾಲ್ಕು ಆಟ ಇದ್ದದ್ದು ಎರಡನೇ ವಾರಕ್ಕೆ ಒಂದಾಗುತ್ತದೆ. ಅದೂ ಮಧ್ಯಾಹ್ನದ, ಯಾರಿಗೂ ಬಿಡುವಿಲ್ಲದ ಹೊತ್ತಿನದ್ದು. ಬಾಯಿಂದ ಬಾಯಿಗೆ ಮಾತು ಹಬ್ಬಲು ಬೇಕಾದ ಎಂಟು ದಿನ ಸಿಗುವುದೇ ಇಲ್ಲ.

ಟಿಕೆಟ್ ದರವನ್ನೂ ಇದಕ್ಕೆ ಸೇರಿಸಿ ನೋಡಬೇಕು. ರಾಜ್ಯ ಸರ್ಕಾರ ಸೆಪ್ಟೆಂಬರ್ 2025ರಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಚರ್ಚೆಯೆಲ್ಲ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳ ಸುತ್ತ ನಡೆಯಿತು. ನನಗೆ ಅದರಲ್ಲಿ ಬೇರೊಂದು ವಿಷಯ ಕಾಣುತ್ತದೆ. ನೂರು ರೂಪಾಯಿಗೆ ‘ಅಡ್ಡಿಯಿಲ್ಲ’ ಸಿನಿಮಾ ಅಡ್ಡಿಯಿಲ್ಲ. ನಾಲ್ಕುನೂರಕ್ಕೆ ಅದು ಮೋಸ. ದರ ಏರಿದ ಹಾಗೆ ನೋಡುಗನಿಗೆ ಮಧ್ಯಮ ಸಿನಿಮಾವನ್ನು ಸಹಿಸುವ ತಾಳ್ಮೆ ಇಳಿಯುತ್ತದೆ. ‘ಟಿವ್ಯಾಗ ಬಂದಾಗ ನೋಡೂಣ’ ಅನ್ನುತ್ತಾನೆ. ಒಂದು ಕಾಲಕ್ಕೆ ಕನ್ನಡ ಚಿತ್ರರಂಗದ ಬೆನ್ನೆಲುಬಾಗಿದ್ದದ್ದು ಮನೆಮಂದಿಯೆಲ್ಲ ಕೂತು ನೋಡುವ, ಯಾರ ತಲೆಯನ್ನೂ ಕೆಡಿಸದ ಇಂಥ ಮಧ್ಯಮ ಸಿನಿಮಾಗಳೇ.

ಹಾಡಿನ ಕತೆ ಸಿನಿಮಾಕ್ಕಿಂತ ಸ್ವಾರಸ್ಯಕರ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಮಹಾಲಿಂಗಪುರದ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಕಾಣುವ ಮೊದಲೇ ಅದರ ಹಾಡು ಕೇಳುತ್ತದೆ. ಫ್ಯಾಕ್ಟರಿ ಮುಂದಿನ ಸಾಲಿನಲ್ಲಿ ರಾತ್ರಿಯಿಡೀ ಕಾಯುವ ಒಬ್ಬ ಡ್ರೈವರ್ ಹುಡುಗನನ್ನು, ಹಾಡು ಹೇಗೆ ಆರಿಸುತ್ತೀ ಅಂತ ಕೇಳಿದ್ದೆ. ‘ನಿದ್ದಿ ಬರಬಾರದ್ರಿ ಅಣ್ಣಾರ, ಅಷ್ಟ ಸಾಕು’ ಅಂದ. ರಬಕವಿ-ಬನಹಟ್ಟಿಯ ಮಗ್ಗದವರದ್ದು ಇನ್ನೊಂದು ಲೆಕ್ಕ. ಪವರ್‌ಲೂಮ್‌ನ ಖಟಖಟದ ಮೇಲೆ ಕೇಳಬೇಕು, ಕೈ ನಿಲ್ಲಬಾರದು. ನಯವಾದ ಆಲಾಪ ಅಲ್ಲಿ ಮುಳುಗಿ ಹೋಗುತ್ತದೆ, ಎತ್ತರದ ದನಿ ಮತ್ತು ಗಟ್ಟಿ ತಾಳ ಮಾತ್ರ ಉಳಿಯುತ್ತದೆ. ಉತ್ತರ ಕರ್ನಾಟಕದ ಯೂಟ್ಯೂಬ್ ‘ಜಾನಪದ’ ಹಾಡುಗಳನ್ನು ಒಂದೇ ತರಹ, ಬರೀ ಗದ್ದಲ ಅಂತ ಬೈಯುವವರು ಇದನ್ನೊಮ್ಮೆ ಯೋಚಿಸಬೇಕು. ಆ ಹಾಡುಗಳನ್ನು ದಿವಾನಖಾನೆಯಲ್ಲಿ ಕೂತು ಕೇಳಲಿ ಅಂತ ಯಾರೂ ಮಾಡಿಲ್ಲ. ಈ ಹಾಡುಗಳ ಬಲ ಎಷ್ಟು ಅಂದರೆ, ಅವನ್ನು ಹಾಡಿಯೇ ಹೆಸರು ಮಾಡಿದ ನಮ್ಮ ರಾಯಬಾಗ ಕಡೆಯ ಮಾಳು ನಿಪನಾಳ 2025ರಲ್ಲಿ ಬಿಗ್ ಬಾಸ್ ಮನೆಯವರೆಗೂ ಹೋಗಿ ಬಂದರು.

ಅದೇ ಡ್ರೈವರ್ ಹುಡುಗನನ್ನು ‘ನಿನ್ನ ಮೆಚ್ಚಿನ ಗಾಯಕ ಯಾರು’ ಅಂತ ಕೇಳಿ ನೋಡಿ. ಒಂದು ಕ್ಷಣ ಯೋಚಿಸಿ ದೊಡ್ಡ ಹೆಸರೇ ಹೇಳುತ್ತಾನೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. ನಮ್ಮಲ್ಲಿ ಎಷ್ಟು ಜನರ ಫೋನಿನಲ್ಲಿ ಅವರ ಹಾಡಿದೆ? ನನ್ನ ಫೋನನ್ನು ನೀವು ಕೇಳದಿದ್ದರೆ ಒಳ್ಳೆಯದು. ನೆಟ್‌ಫ್ಲಿಕ್ಸ್ ಕೂಡ ಇದನ್ನೇ ಕಂಡಿತ್ತು. ಜನ ಗಂಭೀರ ಸಾಕ್ಷ್ಯಚಿತ್ರಕ್ಕೆ ಐದು ಸ್ಟಾರ್ ಕೊಡುತ್ತಿದ್ದರು, ರಾತ್ರಿ ಕೂತು ನೋಡುತ್ತಿದ್ದದ್ದು ಹಗುರ ಹಾಸ್ಯ. ಹೇಳುವುದಕ್ಕೊಂದು ರುಚಿ, ನೋಡುವುದಕ್ಕೊಂದು ರುಚಿ. 2017ರಲ್ಲಿ ಅದು ಸ್ಟಾರ್‌ಗಳನ್ನೇ ತೆಗೆದು ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಅಂತ ಮಾಡಿತು. ‘ಅಡ್ಡಿಯಿಲ್ಲ’ ಅನ್ನುವವನಿಗೆ ಅದೂ ಕಷ್ಟ. ಅವನ ಹೆಬ್ಬೆರಳು ಅಡ್ಡ ಇರುತ್ತದೆ.

ಹಾಗಾದರೆ ಬಾಯಲ್ಲಿ ಹೇಳಿದ್ದನ್ನು ಬಿಟ್ಟು, ಮಾಡಿದ್ದನ್ನು ಎಣಿಸಿದರೆ ಸತ್ಯ ಸಿಗುತ್ತದಾ? ಕಂಪನಿಗಳು ಹಾಗೇ ಅಂದುಕೊಂಡಿವೆ. ಆದರೆ ‘ವೀಕ್ಷಣೆ’ ಅನ್ನುವ ಪದದ ಅಳತೆಗೋಲು ಒಬ್ಬೊಬ್ಬರದ್ದು ಒಂದೊಂದು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಲೆಕ್ಕ. ನೆಟ್‌ಫ್ಲಿಕ್ಸ್ 2020ರ ಸುಮಾರಿಗೆ 2 ನಿಮಿಷ ನೋಡಿದವರನ್ನೂ ನೋಡಿದವರ ಪಟ್ಟಿಗೆ ಸೇರಿಸುತ್ತಿತ್ತು. 2023ರಿಂದ ಒಟ್ಟು ನೋಡಿದ ಗಂಟೆಗಳನ್ನು ಸಿನಿಮಾದ ಉದ್ದದಿಂದ ಭಾಗಿಸುತ್ತಿದೆ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಮಾರ್ಚ್ 31, 2025ರಿಂದ ವಿಡಿಯೊ ಶುರುವಾದರೆ ಸಾಕು, ಒಂದು ವೀಕ್ಷಣೆ. ಬೆರಳು ಸರಿಸುವ ನಡುವೆ ಕಣ್ಣಿಗೆ ಬಿದ್ದದ್ದೂ ಅದರಲ್ಲಿ ಬಂತು. ನಮ್ಮ ಟ್ರ್ಯಾಕ್ಟರ್ ಹುಡುಗ ಒಂದು ಹಾಡು ಹಾಕಿ ಫೋನ್ ಮೂಲೆಗಿಟ್ಟರೆ, ಮುಂದಿನ ನಲವತ್ತು ಹಾಡು ಆ್ಯಪೇ ಹಾಕಿಕೊಳ್ಳುತ್ತದೆ. ನಲವತ್ತೂ ಅವನ ಮೆಚ್ಚುಗೆ ಅಂತ ದಾಖಲಾಗುತ್ತವೆ. ಅವನು ಅಷ್ಟೊತ್ತಿಗೆ ಕೆಳಗಿಳಿದು ಬಿಸಿ ಬಿಸಿ ಭಜಿ ತಿನ್ನುತ್ತಿರುತ್ತಾನೆ.

ನಡುವಿನ ಹಾಡುಗಳಿಗೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗ ಇದೆ. ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಅದನ್ನು 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಯಾರೂ ಕೇಳಿರದ ತಂಡಗಳ 48 ಹಾಡು, 14 ಸಾವಿರಕ್ಕೂ ಹೆಚ್ಚು ಕೇಳುಗರು. ಒಂದು ಗುಂಪಿಗೆ ಬರೀ ಹಾಡು ಕೊಟ್ಟರು. ಉಳಿದವರನ್ನು ಎಂಟು ಪ್ರತ್ಯೇಕ ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಅಂತ ತೋರಿಸಿದರು. ಸಂಖ್ಯೆ ಕಂಡವರು ಸಂಖ್ಯೆಯ ಹಿಂದೆ ಹೋದರು. ಒಂದು ಗುಂಪಿನಲ್ಲಿ ಮೇಲಿದ್ದ ಹಾಡು ಇನ್ನೊಂದರಲ್ಲಿ ತಳ ಕಂಡಿತ್ತು. ತೀರಾ ಒಳ್ಳೆಯವು ಬಹುತೇಕ ಎಲ್ಲೂ ಸೋಲಲಿಲ್ಲ. ತೀರಾ ಕೆಟ್ಟವು ಗೆದ್ದದ್ದು ಕಡಿಮೆ. ನಡುವಿನವಕ್ಕೆ ಮಾತ್ರ ಏನು ಬೇಕಾದರೂ ಆಗುತ್ತಿತ್ತು. ಮೊದಲ ಹತ್ತಾರು ಜನ ಯಾರು ಅನ್ನುವುದರ ಮೇಲೆ ಅವುಗಳ ಹಣೆಬರಹ. ‘ಅಡ್ಡಿಯಿಲ್ಲ’ ಅನ್ನುವ ದರ್ಜೆಯ ಹಾಡು ಊರು ತುಂಬಾ ಮೊಳಗುವುದಕ್ಕೂ, ಹತ್ತೇ ಮಂದಿ ಕೇಳಿ ಸಾಯುವುದಕ್ಕೂ ನಡುವಿನ ಅಂತರ ಅದೃಷ್ಟದ್ದು. ನಾವು ಆಮೇಲೆ ಕೂತು ‘ಜನಕ್ಕೆ ಇಂಥದ್ದೇ ಬೇಕು’ ಅಂತ ವಿಶ್ಲೇಷಣೆ ಬರೆಯುತ್ತೇವೆ. ನಾನೂ ಬರೆದಿದ್ದೇನೆ.

ಹಿಂದೆ ಇದೆಲ್ಲ ಚೆನ್ನಾಗಿತ್ತು ಅಂತ ಹೇಳುವ ಆಸೆಯಾಗುತ್ತದೆ. ಬನದ ಹುಣ್ಣಿಮೆಗೆ ಶುರುವಾಗುವ ಬಾದಾಮಿಯ ಬನಶಂಕರಿ ಜಾತ್ರೆಗೆ ಇವತ್ತಿಗೂ ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ಅಲ್ಲಿ ನೋಡುಗರ ಅಭಿಪ್ರಾಯ ಅವತ್ತೇ ಮುಟ್ಟುತ್ತದೆ. ಜನ ಆಕಳಿಸಿದ ದೃಶ್ಯ ಮರುದಿನ ಮೊಟಕಾಗುತ್ತದೆ, ಚಪ್ಪಾಳೆ ಬಿದ್ದದ್ದು ಉದ್ದವಾಗುತ್ತದೆ. ಎರಡು ತಂಡ ಎದುರುಬದುರು ನಿಂತು ಹಾಡುವ ಹರದೇಶಿ-ನಾಗೇಶಿ ಪದಗಳಲ್ಲಂತೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ರಾತ್ರಿಯಿಡೀ ವಾದ. ಮುಂದೆ ಕೂತ ಮಂದಿಯೇ ಪಂಚರು.

ಆದರೆ ಅದೇ ಡೇರೆಯಲ್ಲಿ ದ್ವಂದ್ವಾರ್ಥದ ಹಾಸ್ಯ ಬೆಳೆದದ್ದು ಹೇಗೆ? ಹಿಂದಿನ ಸಾಲಿನ ಸಿಳ್ಳೆಯಿಂದ. ಸಿಳ್ಳೆ ಹೊಡೆದವರದ್ದು ಕಂಪನಿ ಮಾಲೀಕನಿಗೆ ಕೇಳಿಸಿತು. ತಲೆ ತಗ್ಗಿಸಿ ಕೂತ ಹೆಣ್ಣುಮಕ್ಕಳದ್ದು, ಮರುವರ್ಷ ಮನೆಯಲ್ಲೇ ಉಳಿದವರದ್ದು ಕೇಳಿಸಲಿಲ್ಲ. ನಮ್ಮ ಅವ್ವ ನಾಟಕ ಬಿಟ್ಟದ್ದು ಹಾಗೆಯೇ. ಯಾರಿಗೂ ದೂರು ಹೇಳಲಿಲ್ಲ, ಸುಮ್ಮನೆ ಹೋಗೋದನ್ನು ನಿಲ್ಲಿಸಿದಳು. ಗದ್ದಲ ಮಾಡುವವರ ಅಭಿಪ್ರಾಯವನ್ನೇ ಎಲ್ಲರದ್ದು ಅಂದುಕೊಳ್ಳುವ ತಪ್ಪು ಫೋನಿನ ಜೊತೆ ಬಂದದ್ದಲ್ಲ. ಫೋನ್ ಅದಕ್ಕೆ ಮೈಕ್ ಕೊಟ್ಟಿತು.

ಆಟಗಳಲ್ಲಿ, ಅಂದರೆ ಮೊಬೈಲ್ ಗೇಮುಗಳಲ್ಲಿ, ಸ್ಟಾರ್‌ನ ಬೆಲೆ ಇನ್ನೂ ಕಡಿಮೆ. ಬಾಗಲಕೋಟೆಯ ನವನಗರದ ಹುಡುಗರು ಒಂದು ಗೇಮನ್ನು ಅಳೆಯುವುದು ಮೂರು ಪ್ರಶ್ನೆಗಳಿಂದ: ಫೋನ್ ಕಾಯುತ್ತಾ, ನಡುವೆ ಸಿಕ್ಕಿಕೊಳ್ಳುತ್ತಾ, ದಿನದ ಡೇಟಾ ಮುಗಿಸುತ್ತಾ. ಗ್ರಾಫಿಕ್ಸ್ ಆಮೇಲೆ. ಹತ್ತು ಸಾವಿರದ ಫೋನಿರುವವನ ಅಭಿಪ್ರಾಯಕ್ಕೂ ಐವತ್ತು ಸಾವಿರದ ಫೋನಿರುವವನದ್ದಕ್ಕೂ ಆ್ಯಪ್ ಅಂಗಡಿಯಲ್ಲಿ ಒಂದೇ ಸ್ಟಾರ್. ಇನ್ನು ಜಗಳದ ಸ್ಟಾರ್ ಅಂತೂ ಗೊತ್ತೇ ಇದೆ. ಮೇ 2020ರಲ್ಲಿ ಯೂಟ್ಯೂಬ್ ಮಂದಿ ಮತ್ತು ಟಿಕ್‌ಟಾಕ್ ಮಂದಿ ಕಿತ್ತಾಡಿದಾಗ, ನಾಲ್ಕರ ಮೇಲಿದ್ದ ಟಿಕ್‌ಟಾಕ್ ರೇಟಿಂಗ್ ಕೆಲವೇ ದಿನಗಳಲ್ಲಿ ಒಂದೂ ಚಿಲ್ಲರೆಗೆ ಇಳಿಯಿತು. ಗೂಗಲ್ ಲಕ್ಷಗಟ್ಟಲೆ ವಿಮರ್ಶೆ ಅಳಿಸಿ ಮತ್ತೆ ಮೇಲೆತ್ತಿತು. ಇಳಿಸಿದವರಲ್ಲಿ ಆ ಆ್ಯಪ್ ಬಳಸಿದವರು ಎಷ್ಟು ಜನ ಇದ್ದರೋ! ಅದನ್ನು ದಿನವೂ ಬಳಸುತ್ತಿದ್ದ ಸಣ್ಣ ಊರುಗಳ ಮಂದಿಯನ್ನು ಯಾರೂ ಕೇಳಲಿಲ್ಲ. ಜೂನ್ ಕೊನೆಗೆ ಸರ್ಕಾರ ಆ್ಯಪನ್ನೇ ನಿಷೇಧಿಸಿತು, ಅಲ್ಲಿಗೆ ಆ ಪ್ರಶ್ನೆಯೇ ಮುಗಿಯಿತು.

ಪುಸ್ತಕದಲ್ಲಿ ಸಮಸ್ಯೆ ಉಲ್ಟಾ. ಕನ್ನಡ ಪುಸ್ತಕಗಳಿಗೆ ಆನ್‌ಲೈನಿನಲ್ಲಿ ಸ್ಟಾರ್ ಕೊಡುವವರೇ ಕಡಿಮೆ. ನಾಲ್ಕು ಜನ ಗೆಳೆಯರು ಐದೈದು ಕೊಟ್ಟರೆ ಅದೇ ಮಹಾಕೃತಿ. ಬಾನು ಮುಷ್ತಾಕ್ ಅವರಿಗೆ ಮೇ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಾಗ, ಯಾವತ್ತೂ ಕಥೆ ಓದದ ನನ್ನ ಇಬ್ಬರು ಗೆಳೆಯರು ಪುಸ್ತಕ ತರಿಸಿಕೊಂಡರು. ಒಬ್ಬ ಓದಿದ. ಇನ್ನೊಬ್ಬ ಓದದೆಯೇ ಅಭಿಪ್ರಾಯ ಇಟ್ಟುಕೊಂಡಿದ್ದಾನೆ. ಇತ್ತ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನದ ಪುಸ್ತಕಗಳು ನಮ್ಮ ಕಡೆ ಎಷ್ಟೋ ಮನೆಗಳ ಜಗುಲಿಯ ಮೇಲಿವೆ. ಹಾಳೆ ಸವೆಯುವಷ್ಟು ಓದಿದವರಿದ್ದಾರೆ. ಯಾವ ಸಾಹಿತ್ಯ ಚರ್ಚೆಯಲ್ಲೂ, ಯಾವ ‘ಹೆಚ್ಚು ಮಾರಾಟ’ದ ಪಟ್ಟಿಯಲ್ಲೂ ನಾನು ಅವುಗಳ ಹೆಸರು ಕಂಡಿಲ್ಲ.

ಸಾಮಾನ್ಯ ನೋಡುಗ ಯಾವಾಗಲೂ ಸರಿ ಅಂತ ನಾನು ಹೇಳುತ್ತಿಲ್ಲ. ಅರ್ಧ ಗಂಟೆ ನೋಡಿ, ಅದರಲ್ಲೂ ಕಾಲು ಗಂಟೆ ವಾಟ್ಸ್‌ಆ್ಯಪ್‌ನಲ್ಲಿದ್ದು, ‘ಏನೂ ಇಲ್ಲ ಅದರಾಗ’ ಅಂತ ತೀರ್ಪು ಕೊಡುವವರು ನಮ್ಮ ಮನೆಯಲ್ಲೇ ಇದ್ದಾರೆ. ಕನ್ನಡಿ ನೋಡಿದರೂ ಒಬ್ಬ ಕಾಣುತ್ತಾನೆ. ಆದರೆ ಅವನು ಉತ್ತರಿಸುತ್ತಿರುವ ಪ್ರಶ್ನೆ ವಿಮರ್ಶಕನದ್ದಲ್ಲ. ವಿಮರ್ಶಕ ಕೇಳುವುದು ಇದು ಒಳ್ಳೆಯ ಕೃತಿಯಾ ಅಂತ. ಕಾಕಾ ಕೇಳುವುದು, ಹೋದ ರೊಕ್ಕ, ಮೂರು ತಾಸು, ಬಸ್ಸಿನ ಖರ್ಚು, ಮನೆಯ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ ಮುಜುಗರ, ಎಲ್ಲ ಕಳೆದು ಏನಾದರೂ ಉಳಿಯಿತಾ ಅಂತ. ಎರಡೂ ಬೇಕಾದ ಪ್ರಶ್ನೆಗಳೇ. ಎರಡನ್ನೂ ಒಂದೇ ಸ್ಟಾರ್ ಪಟ್ಟಿಯಲ್ಲಿ ತುರುಕುವುದು ಗೊಂದಲ. ಬೇರೆ ಭಾಷೆಯ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡಲು ಬಿಡದ ವಿಷಯದಲ್ಲೂ ಹೀಗೇ ಆಗಿತ್ತು. ಕನ್ನಡ ನೋಡುಗನಿಗೆ ಏನು ಬೇಕು ಅಂತ ದಶಕಗಟ್ಟಲೆ ಉದ್ಯಮವೇ ತೀರ್ಮಾನಿಸಿತು. ಕೊನೆಗೆ ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆ ಅಡೆತಡೆ ತಪ್ಪು ಅಂತ ಹೇಳಬೇಕಾಯಿತು. ಅದೇ ಬೆಳಗಾವಿಯ ನೋಡುಗ ಅಷ್ಟೂ ವರ್ಷ ಮರಾಠಿ, ಹಿಂದಿ, ಕನ್ನಡ ಮೂರನ್ನೂ ತನಗೆ ಬೇಕಾದ ಹಾಗೆ ನೋಡಿಕೊಂಡೇ ಇದ್ದ.

ಕಾಕಾನ ‘ಅಡ್ಡಿಯಿಲ್ಲ’ದ ಒಳಗೆ ಇನ್ನೊಂದು ಮಾತಿತ್ತು ಅಂತ ನನಗೆ ಗೊತ್ತಾದದ್ದು ರಾತ್ರಿ ಊಟಕ್ಕೆ ಕೂತಾಗ. ರೊಟ್ಟಿ ಮುರಿಯುತ್ತ ಅಂದರು: ‘ಎಲ್ಲಾ ಚೊಲೋ ಇತ್ತು. ಆದ್ರ ಆ ನಮ್ಮ ಕಡಿ ಮಾತಾಡಾಂವ ಬರೇ ನಗಸಾಕ ಬಂದಿದ್ದ ನೋಡು. ಹೀರೋ ಯಾಕ ಹಂಗ ಮಾತಾಡೂದಿಲ್ಲ?’ ಸಿನಿಮಾದಲ್ಲಿ ನಮ್ಮ ಭಾಷೆ ಹಾಸ್ಯನಟನ ಬಾಯಿಗೆ, ಕಾವಲುಗಾರನ ಬಾಯಿಗೆ ಮಾತ್ರ ಬರುತ್ತದೆ ಅನ್ನುವ ಈ ಬೇಸರ ನಮ್ಮ ಕಡೆ ಹೊಸದಲ್ಲ. ಇದನ್ನು ಎಷ್ಟು ಸ್ಟಾರ್‌ನಲ್ಲಿ ಬರೆಯುವುದು? ಒಂದು ಕಡಿಮೆ ಮಾಡಿದರೆ ನಿರ್ದೇಶಕನಿಗೆ ಕಾರಣ ತಿಳಿಯುವುದಿಲ್ಲ. ಪೂರ್ತಿ ಕೊಟ್ಟರೆ ಇಂಥದೇ ಇನ್ನೊಂದು ಬರುತ್ತದೆ.

ಆ್ಯಪ್‌ನವರು ಮರುದಿನವೂ ಒಮ್ಮೆ ನೆನಪಿಸಿದರು. ಕಾಕಾ ಅದನ್ನು ಸರಿಸಿ, ಗುಳೇದಗುಡ್ಡದ ಗೆಳೆಯರೊಬ್ಬರಿಗೆ ಫೋನ್ ಹಚ್ಚಿದರು. ‘ಬರೂ ರವಿವಾರ ಹೋಗಿ ಬರ್ರಿ, ಅಡ್ಡೀ ಇಲ್ಲ’ ಅಂದರು, ತಲೆ ಓರೆ ಮಾಡಿ. ಫೋನಿನಲ್ಲಿ ತಲೆ ಕಾಣುವುದಿಲ್ಲ. ಆದರೂ ಆ ಕಡೆಯವರಿಗೆ ಅರ್ಥವಾಯಿತು. ರವಿವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು. ಚಿತ್ರಮಂದಿರದ ಮುಂದೆ ಬೇರೆ ಸಿನಿಮಾದ ಪೋಸ್ಟರ್ ಹಚ್ಚುತ್ತಿದ್ದರಂತೆ.